ಗ್ಯಾರೇಜಿನ ಜ್ಯೂರಿ

ವೇಲ್ಸಿನ ನಮ್ಮ ಬೀದಿಯಲ್ಲಿ ಅಪೀಲುದಾರ ಎಂದರೆ ಎಮ್ಲಿನ್ ಪ್ರಾಸರ್ ಒಬ್ಬನೇ. ಹಾಲು ತರಲು ಹೋದರೂ ಅವನ ಕಂಕುಳಲ್ಲಿ ಮೊಕದ್ದಮೆಯ ಕಡತ ಇರುತ್ತದೆ. “ಅಪಾಯಕಾರಿ ಚಾಲನೆ ಅಂತ ಶಿಕ್ಷೆ ಕೊಟ್ರಲ್ಲ ಮಾರಾಯ್ತಿ, ನ್ಯಾಯಾಧೀಶರು ಜ್ಯೂರಿಗೆ ಹೇಳ್ಬೇಕಾದ ಒಂದು ಮಾತು ಹೇಳ್ಲೇ ಇಲ್ಲ! ಗಳಿಗೆ ಹೊತ್ತು ಮೈಮರೆಯೋದು ಬೇರೆ, ಅಪಾಯ ಆಗೋ ಹಾಗೆ ಓಡಿಸೋದು ಬೇರೆ” ಎಂದು ಅಂಗಡಿಯ ಮೇಗನ್‌ಗೆ ದಿನವೂ ವಿವರಿಸುತ್ತಾನೆ. “ನಿನ್ನೆ ಹಾಲು ಇಲ್ಲೇ ಬಿಟ್ಟು ಹೋದ್ಯಲ್ಲ, ಅದು ಯಾವುದು?” ಎಂದು ಅವಳು ಕೇಳಿದರೆ ಗಂಭೀರವಾಗಿ ಯೋಚಿಸುತ್ತಾನೆ. ಲೈಸೆನ್ಸು ಹೋಗಿ ಈಗ ನಡೆದೇ ಓಡಾಡುತ್ತಿದ್ದರೂ, ಅವನ ಕಾರು ನಮ್ಮ ಬೀದಿಯ ನೆರಿಸ್ ಅಜ್ಜಿಗೆ ಬಡಿದ ಜಾಗದಲ್ಲಿ ನಿಂತು, ಕಾಣದ ಯಾರಿಗೋ ದಾಟಲು ಕೈ ತೋರಿಸಿ, ಕುಂಟುವವರು ಆಚೆ ಸೇರುವಷ್ಟು ಹೊತ್ತು ಕಾಯುತ್ತಾನೆ. ಕಾರು ಮಾರಿದ ಮೇಲೆ ಗ್ಯಾರೇಜಿನಲ್ಲಿ ಜ್ಯೂರಿಯ ಹನ್ನೆರಡು ಜನಕ್ಕೆಂದು ಹನ್ನೆರಡು ಕುರ್ಚಿ ಹಾಕಿದ್ದಾನೆ. ಪ್ರತಿ ಸಂಜೆ, ನ್ಯಾಯಾಧೀಶರು ಬಿಟ್ಟ ಮಾತನ್ನೂ ಸೇರಿಸಿ ಆ ಖಾಲಿ ಕುರ್ಚಿಗಳಿಗೆ ಸೂಚನೆ ಕೊಟ್ಟು, ಕದ ಎಳೆದುಕೊಂಡು, ಹೊರಗೆ ಟೀ ಕುಡಿದು, ತೀರ್ಪು ಕೇಳಲು ಒಳಗೆ ಹೋಗುತ್ತಾನೆ. ಹಿಂದೆ ಬೇರೆ ಯಾರದೋ ಮೊಕದ್ದಮೆಯಲ್ಲಿ ನಿಜವಾದ ಜ್ಯೂರಿಯಲ್ಲೇ ಕೂತು ತೂಕಡಿಸಿದ ಕೀರ್ತಿ ನನಗಿರುವುದರಿಂದ, ಒಮ್ಮೆ ಏಳನೇ ಕುರ್ಚಿ ನನಗೂ ಸಿಕ್ಕಿತು. ಅವನು ಬಂದು ಒಂದೊಂದೇ ಕುರ್ಚಿಯ ಕಡೆ ಕಿವಿಕೊಟ್ಟ, ಮುಖ ಬಾಡಿತು. “ಸೋಮವಾರ ಅಪೀಲಿನಲ್ಲಿ ಗೆಲ್ತೀಯ ಬಿಡೋ” ಎಂದೆ. “ಅಲ್ಲಿ ಗೆದ್ರೂ ಗೆಲ್ಬಹುದು. ಇಲ್ಲಿ ನಾನೇ ಎಲ್ಲಾ ಸರಿಯಾಗಿ ಹೇಳಿಕೊಟ್ರೂ ಹನ್ನೆರಡು ಜನಾನೂ ದಿನಾ ತಪ್ಪಿತಸ್ಥ ಅಂತಾರಲ್ಲೋ!” ಎಂದ. ತೀರ್ಪು ಹೇಳಲು ನಾನು ಬಾಯಿ ತೆರೆದೇ ಇರಲಿಲ್ಲ. ಆದರೂ ಏಳನೇ ಕುರ್ಚಿಯ ತೀರ್ಪನ್ನು ಅವನು ಸರಿಯಾಗಿಯೇ ಕೇಳಿಸಿಕೊಂಡಿದ್ದ.