ಬ್ರಾಕೆಟ್ ಹಾಕದ ಎರಡು ಸಾಲು

ಆಫೀಸಿನಲ್ಲಿ ಅವಳಿಗೆ 'ಬ್ರಾಕೆಟ್ ಅಕ್ಕ' ಎಂದು ಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು. ಅದು ಲಿಫ್ಟ್ ಮಾಡುವ ಕಂಪನಿ. ಲಿಫ್ಟ್ ನಡೆಸುವ ಸಿ ಭಾಷೆಯ ಕೋಡನ್ನು ಓದಿ ಒಪ್ಪುವುದು ಅವಳ ಕೆಲಸ. 'ಹೀಗಾದರೆ ಹೀಗೆ ಮಾಡು' ಎಂಬ ಷರತ್ತಿನ ಕೆಳಗೆ ಒಂದೇ ಸಾಲಿದ್ದರೂ ಸರಿ, ಅದರ ಹಿಂದೆ ಮುಂದೆ ಮೀಸೆಯಂಥ ಬ್ರಾಕೆಟ್ ಇರಲೇಬೇಕು, ಇಲ್ಲದಿದ್ದರೆ ವಾಪಸ್. "ಅಕ್ಕಾ, ಒಂದು ಸಾಲಿಗೂ ಬೇಲಿ ಕಟ್ಬೇಕಾ?" ಎಂದು ಕಿರಿಯರು ಗೋಗರೆಯುತ್ತಿದ್ದರು. ಹೇಳಿ ಹೇಳಿ ಅವಳಿಗೂ ಸಾಕುಸಾಕಾಗಿತ್ತು.

ಮನೆಗೆ ಹೋದರೆ ಅಲ್ಲೂ ನೆಮ್ಮದಿಯಿಲ್ಲ. ಗಂಡ ಅದೇ ಕಂಪನಿಯ ಲಿಫ್ಟ್ ಮೆಕ್ಯಾನಿಕ್. ಜನ ತುಂಬಿದ ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಸುಮ್ಮಸುಮ್ಮನೆ ಮತ್ತೆ ತೆರೆಯುತ್ತದೆ ಎಂದು ದೂರಿನ ಮೇಲೆ ದೂರು. ಇವನು ಹೋಗಿ ಒಬ್ಬನೇ ಒಳಗೆ ನಿಂತು ನೋಡಿದರೆ ಬಾಗಿಲು ಪಾಪದ ಹಸುವಿನ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಸೆನ್ಸರ್ ಬದಲಿಸಿದ, ಬೆಲ್ಟ್ ಬಿಗಿ ಮಾಡಿದ, ಬೈಸಿಕೊಂಡ. ಕೊನೆಗೆ ಮೇಲಿನವರು, ಇವನಿಗೆ ಕೆಲಸ ಮರೆತುಹೋಗಿದೆ ಎಂದು ತೀರ್ಮಾನಿಸಿ, ಸೋಮವಾರದಿಂದ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಲು ಹೇಳಿದರು. "ಸರಿಯಾಗಿ ನೋಡಿ ರೀ, ಏನೋ ಬಿಟ್ಟಿರ್ತೀರಿ," ಎಂದು ಅವಳೂ ಎಷ್ಟೋ ಸಲ ಅಂದಿದ್ದಳು. ಈಚೆಗೆ ಮನೆಯ ಸ್ವಿಚ್ ಬಿಚ್ಚಲೂ ಅವನು ಹಿಂದೆಮುಂದೆ ನೋಡುತ್ತಿದ್ದ.

ಆ ಶುಕ್ರವಾರ ಅಕ್ಕನ ಕಾಟ ತಡೆಯಲಾರದೆ ಕಿರಿಯರು ಹೊಸ ಸಾಫ್ಟ್‌ವೇರ್ ಒಂದನ್ನು ತಂದರು. ಕೋಡಿನ ಯಾವ ಸಾಲು ಎಲ್ಲಿಗೆ ಸೇರಿದ್ದೋ ಅಲ್ಲಿಗೆ ಅದು ತಾನೇ ಸರಿಸಿ ಜೋಡಿಸುತ್ತದೆ. ಸದ್ಯ, ಪೀಡೆ ತೊಲಗಿತು ಎಂದು ಅವಳಿಗೂ ನಿರಾಳವಾಯಿತು. ಬಾಗಿಲಿನ ಹಳೆಯ ಕೋಡಿನ ಮೇಲೆ ಓಡಿಸಿದಳು. ಒಂದು ಸಾಲು ಎಡಕ್ಕೆ ಜರುಗಿತು.

ಲಿಫ್ಟ್ ತುಂಬಿದಾಗ ಮಾತ್ರ ಓಡುವ ಭಾಗ ಅದು, ಒಳಗೆ ಒಬ್ಬನೇ ನಿಂತರೆ ಓಡದು. ಯಾರಾದರೂ ಅಡ್ಡ ನಿಂತಿದ್ದರೆ ಗಂಟೆ ಬಾರಿಸು. ಅದರ ಕೆಳಗೆ, ಈಗ ಜರುಗಿದ ಸಾಲು: ಬಾಗಿಲು ತೆರೆ. ಇಷ್ಟು ದಿನ ಎರಡೂ ಒಂದೇ ನೇರಕ್ಕೆ ಅಂದವಾಗಿ ಕೂತಿದ್ದವು, ಬ್ರಾಕೆಟ್ ಮಾತ್ರ ಇರಲಿಲ್ಲ. ಬ್ರಾಕೆಟ್ ಇಲ್ಲದಿದ್ದರೆ ಷರತ್ತಿಗೆ ಸೇರುವುದು ಮೊದಲ ಸಾಲೊಂದೇ. ಎರಡನೆಯದು, ಯಾರು ಅಡ್ಡ ನಿಲ್ಲಲಿ ಬಿಡಲಿ, ಓಡಿಯೇ ಓಡುತ್ತದೆ. ಬರೆದವರು ಯಾರೆಂದು ನೋಡಿದಳು. ಅವಳೇ. ನಿಯಮ ಮಾಡುವ ಮೊದಲು ಬರೆದದ್ದು. ಕಂಡವರ ಕೋಡನ್ನೆಲ್ಲ ಜಾಲಾಡಿದವಳು ತನ್ನದನ್ನು ತಿರುಗಿಯೂ ನೋಡಿರಲಿಲ್ಲ. ಅಯ್ಯೋ ದೇವರೇ, ಎಂಥ ಕೆಲಸ ಮಾಡಿಬಿಟ್ಟೆ!

ನೇರ ಮ್ಯಾನೇಜರ್ ಕೋಣೆಗೆ ಹೋದಳು. "ತಪ್ಪು ನಂದು ಸರ್, ಮೆಕ್ಯಾನಿಕ್‌ದಲ್ಲ. ಗೋದಾಮಿನ ಆರ್ಡರ್ ನಿಲ್ಲಿಸಿ."

"ನಿಲ್ಲಿಸ್ತೀನಿ. ಆದ್ರೆ ಕೋಡ್ ನೋಡೋ ಕೆಲಸ ನಿಮ್ಮ ಕೈ ತಪ್ಪತ್ತೆ."

"ತಪ್ಲಿ ಬಿಡಿ. ನನಗೂ ಸಾಕಾಗಿದೆ."

ಹೊರಗೆ ಮೆಟ್ಟಿಲ ಮೇಲೆ ಕೂತು ಗಂಡನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಬೈದರೆ ಬೈಸಿಕೊಳ್ಳೋಣ ಎಂದು ಕಾದಳು. ಅವನು ಬೈಯಲಿಲ್ಲ.

"ಅಂದ್ರೆ ನನ್ನ ಕೈ ಕೆಟ್ಟಿರಲಿಲ್ಲ?" ಎಂದ.

"ಇಲ್ಲ ರೀ. ನೀವು ಮಾಡಿದ್ದೆಲ್ಲ ಸರಿಯಾಗೇ ಇತ್ತು."

ಆ ಕಡೆ ಅವನು ಮೂಗು ಸೊರಗುಟ್ಟಿಸಿದ್ದು ಕೇಳಿಸಿತು.

"ಇನ್ನೊಂದ್ಸಲ ಹೇಳು."