ಬಾಗಿಲ ಸರಪಳಿ

ಐವತ್ತರ ದಶಕದಲ್ಲಿ ನಾನು ಇಂಗಳೇಶ್ವರಕ್ಕೆ ಸೊಸೆಯಾಗಿ ಹೋದೆ. ಮಾವನಿಗೆ ಸೊಸೆಯ ದನಿ ಕೇಳಿಸಬಾರದು ಎಂದು ಅತ್ತೆ ಮೊದಲ ದಿನವೇ ಹೇಳಿದರು. ಮಾವ ಕರೆದರೆ ಒಳಕೋಣೆಯ ಬಾಗಿಲ ಸರಪಳಿ ಅಲ್ಲಾಡಿಸಬೇಕು. ಅದೇ ನನ್ನ ‘ಹೂಂ’. ಹನ್ನೆರಡು ವರ್ಷ ಹಾಗೇ ನಡೆಯಿತು. ಅಷ್ಟರಲ್ಲಿ ಮಾವನ ಕಿವಿ ಮಂದವಾಗಿತ್ತು.

ಒಂದು ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋಗಿದ್ದರು. ಪಡಸಾಲೆಯಲ್ಲಿ ಮಲಗಿದ್ದ ಮಾವ ಕೂಗಿದರು: “ಎದಿ ಹಿಡಕೊಂಡೈತಿ, ಮನ್ಯಾಗ ಯಾರದೀರಿ?”

ಸರಪಳಿ ಅಲ್ಲಾಡಿಸಿದೆ.

“ಯಾರೂ ಇಲ್ಲೇನು?”

ಇನ್ನೂ ಜೋರಾಗಿ ಅಲ್ಲಾಡಿಸಿದೆ. ನನ್ನ ಬಾಯಿಗೇನು ದೊಡ್ಡರೋಗ ಬಂದಿತ್ತೋ!

ಮೂರನೆಯ ಸಲ ಅವರು ಕೂಗಲಿಲ್ಲ.

ಮಾವನ ಮಣ್ಣಿಗೆ ಬಂದ ಹೆಂಗಸರು ನನ್ನನ್ನು ಹೊಗಳಿದರು: “ಸೊಸಿ ಅಂದ್ರ ಹಿಂಗಿರಬೇಕ ನೋಡ್ರಿ. ಮಾವ ಸಾಯೂತನಕಾ ದನಿ ಕೇಳಸಲಿಲ್ಲ.”