ತಟ್ಟೆ ಬಂದ ಮೇಲೇ ಸೂಜಿ

ನಮ್ಮ ಆಸ್ಪತ್ರೆಯಲ್ಲಿ ಎಲ್ಲರೂ ‘ಸಕ್ಕರೆ ಸಿಸ್ಟರ್’ ಎನ್ನುತ್ತಿದ್ದುದು ನನ್ನ ಅತ್ತಿಗೆಯನ್ನು. ಹೆಸರಿಗೆ ಸಕ್ಕರೆ, ಬಾಯಿ ಮೆಣಸಿನಕಾಯಿ. ಸಕ್ಕರೆ ಕಾಯಿಲೆಯವರು ಯಾವ ವಾರ್ಡಿನಲ್ಲಿದ್ದರೂ ಬೆರಳು ಚುಚ್ಚಿ ನೋಡಿ, ಇನ್ಸುಲಿನ್ ಕೊಡುವುದು ಅವರ ಕೆಲಸ. ನಾನು ಕೆಳಗಿನ ಅಡುಗೆಮನೆಯಲ್ಲಿ ಊಟದ ತಟ್ಟೆ ಜೋಡಿಸಿ ಮೇಲೆ ಒಯ್ಯುವವಳು. ಮನೆಯಲ್ಲೂ ಅವರದೇ ದರ್ಬಾರು, ಇಲ್ಲೂ ಅವರದೇ. ನನ್ನ ಹಣೆಬರಹ.

ಅವರದೊಂದು ಕಟ್ಟಳೆ: ರೋಗಿಯ ಮುಂದೆ ತಟ್ಟೆ ಬರುವ ತನಕ ಸೂಜಿ ಎತ್ತುವಂತಿಲ್ಲ. ಇನ್ಸುಲಿನ್ ಮೊದಲೇ ಒಳಗೆ ಹೋಗಿ ಊಟ ತಡವಾದರೆ ಸಕ್ಕರೆ ಕುಸಿದು, ಕಣ್ಣು ಕತ್ತಲೆ ಬಂದು ಮನುಷ್ಯ ಬೀಳುತ್ತಾನೆ. ನಮ್ಮ ಲಿಫ್ಟೋ, ರೋಗಿ, ಊಟ, ಕೊಳೆಬಟ್ಟೆ ಎಲ್ಲಕ್ಕೂ ಒಂದೇ. ಸ್ವಲ್ಪ ತಡವಾದರೆ ಸಾಕು, ಫೋನು ಬರುತ್ತಿತ್ತು. “ಏನೇ, ತರಕಾರಿ ಬೆಳೆಯೋಕೆ ಹೋಗಿದೀಯಾ?”

ಅವರು ಈ ಕೆಲಸಕ್ಕೆ ಬಂದ ಮೇಲೆ ಗಾಯಗಳು ಬೇಗ ಮಾಗಿದವು, ಜನ ಬೇಗ ಮನೆಗೆ ಹೋದರು. ಅದೇ ತಪ್ಪಾಯಿತು. ಲೆಕ್ಕಾಧಿಕಾರಿ ಬಂದರು.

“ಸಿಸ್ಟರ್, ರಕ್ತ ನೋಡೋ ಸ್ಟ್ರಿಪ್ ಖರ್ಚು ಎರಡರಷ್ಟಾಗಿದೆ.”

“ಹಾಸಿಗೆ ಬೇಗ ಖಾಲಿ ಆಗ್ತಿದೆಯಲ್ಲ ಸಾರ್?”

“ಅದನ್ನೇ ನಾನೂ ಹೇಳ್ತಿರೋದು. ಖಾಲಿ ಹಾಸಿಗೆ ದುಡ್ಡು ಕೊಡುತ್ತಾ?”

“ಹಾಗಾದ್ರೆ ಲಾಡ್ಜ್ ಅಂತ ಬೋರ್ಡ್ ಹಾಕಿಸಿ” ಎಂದು ಅತ್ತಿಗೆ ಕಡ್ಡಿ ಮುರಿದಂತೆ ಹೇಳಿದರು.

ಹುದ್ದೆ ರದ್ದಾಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು. ಅತ್ತಿಗೆಯನ್ನು ಹೊರರೋಗಿಗಳ ಚೀಟಿ ಕೊಡುವ ಕಿಟಕಿಗೆ ಹಾಕಿ, ವಾರ್ಡಿನ ಕಡೆ ತಲೆ ಹಾಕಬಾರದೆಂದರು. ಕಾಲಿನ ಹುಣ್ಣಿಗೆಂದು ಬಂದಿದ್ದ ಗಾರೆ ಮೇಸ್ತ್ರಿಯೊಬ್ಬರು ಅದೇ ವಾರ ಮನೆಗೆ ಹೋಗುವವರಿದ್ದರು. “ಅವರನ್ನೊಬ್ಬರನ್ನ ಮನೆಗೆ ಕಳಿಸಿಬಿಡ್ತೀನಿ ಸಾರ್, ಆಮೇಲೆ ಎಲ್ಲಿಗಾದ್ರೂ ಹಾಕಿ” ಎಂದು ಅತ್ತಿಗೆ ಕೇಳಿಕೊಂಡರು. ಅವರು ಯಾರನ್ನಾದರೂ ಬೇಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಲೆಕ್ಕಾಧಿಕಾರಿ ಒಪ್ಪಲಿಲ್ಲ.

ಇನ್ನು ಸೂಜಿಗೆ ಗಡಿಯಾರ, ಊಟಕ್ಕೆ ಲಿಫ್ಟು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮರುದಿನ ಬೆಳಿಗ್ಗೆ ವಾರ್ಡಿನ ನರ್ಸು ಹೊತ್ತಿಗೆ ಸರಿಯಾಗಿ ಮೇಸ್ತ್ರಿಗೆ ಸೂಜಿ ಚುಚ್ಚಿದರು. ನನ್ನ ಗಾಡಿ ಕೊಳೆಬಟ್ಟೆಯ ಹಿಂದೆ ನಿಂತಿತ್ತು. ಕೈಗೆ ಸಿಕ್ಕ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಓಡಿದೆ. ಮೇಸ್ತ್ರಿ ನೆಲದ ಮೇಲಿದ್ದರು. ಸೊಂಟದ ಮೂಳೆ ಮುರಿದಿತ್ತು.

ತಿಂಗಳ ಕೊನೆಗೆ ಲೆಕ್ಕಾಧಿಕಾರಿ, ಒಂದು ಹಾಸಿಗೆಯೂ ಖಾಲಿ ಇಲ್ಲವೆಂದು ನಮಗೆಲ್ಲ ಚಹಾ ಕುಡಿಸಿದರು. ಚಹಾ ಚೆನ್ನಾಗಿತ್ತು. ಅದಕ್ಕೇ ನನಗೆ ಇನ್ನೂ ಸಿಟ್ಟು.

ಅತ್ತಿಗೆಯ ಪಾಲಿನ ಲೋಟ ಹಿಡಿದು ನಾನು ಹೋದಾಗ ಚೀಟಿ ಕಿಟಕಿಯ ಎದುರು ಮೇಸ್ತ್ರಿಯ ಹೆಂಡತಿ ನಿಂತಿದ್ದರು.

“ಅಯ್ಯೋ, ಇಲ್ಲೇ ಇದೀರಲ್ಲ ತಾಯಿ! ನೀವು ರಜೆ ಹಾಕಿದೀರಿ ಅಂತ ನಮ್ಮೋರು ಅಂದ್ಕೊಂಡಿದಾರೆ. ಸಿಸ್ಟರ್ ಬರಲಿ, ಬಂದ್ರೆ ನನ್ನನ್ನ ಮನೆಗೆ ಕಳಿಸ್ತಾರೆ ಅಂತ ದಿನಾ ಬಾಗಿಲೇ ನೋಡ್ತಿರ್ತಾರೆ.”

ಯಾರ ಮಾತಿಗೂ ಉತ್ತರ ಬಾಕಿ ಇಡದ ಅತ್ತಿಗೆ ಮೇಜಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ಸಾಲಿನಲ್ಲಿದ್ದವರು ಚೀಟಿಗೆ ಕಾಯುತ್ತ ನಿಂತರು.